ಓದುಗನ ಮಾತಿಗೊಂದು ಕಪಾಟು

ಗ್ರಂಥಾಲಯವೊಂದಕ್ಕೆ ಹೊಸ ಪುಸ್ತಕ ಬಂದಾಗ ಅದಕ್ಕೆ ಸಲ್ಲುವ ಉಪಚಾರವನ್ನು ಹತ್ತಿರದಿಂದ ನೋಡಿದವರಿಗೆ ಮನೆಯಲ್ಲಿ ಮಗುವಿಗೆ ನಡೆಯುವ ನಾಮಕರಣದ ನೆನಪಾಗದಿರದು. ಮೊದಲು ಅದು ಅಕ್ಸೆಶನ್ ರಿಜಿಸ್ಟರಿನಲ್ಲಿ ದಾಖಲಾಗಿ ತನ್ನದೇ ಆದ ಕ್ರಮಸಂಖ್ಯೆಯನ್ನು ಪಡೆಯುತ್ತದೆ. ಅನಂತರ ಅದರ ವಿಷಯವನ್ನು ವಿಚಾರಿಸಿ ವರ್ಗಸಂಖ್ಯೆಯನ್ನು ನಿಶ್ಚಯಿಸುತ್ತಾರೆ. ಬೆನ್ನಿಗೆ ಚೀಟಿ, ಒಳಪುಟಕ್ಕೆ ಮೊಹರು, ಸೂಚಿಯಲ್ಲೊಂದು ನಮೂದು, ಇಷ್ಟೆಲ್ಲ ಆದ ಮೇಲೆಯೇ ಅದು ಕಪಾಟನ್ನು ಸೇರುವುದು. ಹದಿನಾರು ಪುಟದ ಕಿರುಹೊತ್ತಗೆಗೂ ಈ ಮರ್ಯಾದೆ ತಪ್ಪುವುದಿಲ್ಲ. ಆದರೆ ಅದೇ ಗ್ರಂಥಾಲಯಕ್ಕೆ ಓದುಗನೊಬ್ಬನು ಬಂದು, ನಿಮ್ಮ ಸೂಚಿಯಲ್ಲಿ ಈ ಗ್ರಂಥದ ಎರಡನೆಯ ಸಂಪುಟವನ್ನು ಮೂರನೆಯದೆಂದು ಬರೆದಿದ್ದೀರಿ ಎಂದೋ, ಸಂಜೆ ಕಚೇರಿ ಬಿಟ್ಟು ಬರುವವರಿಗೆ ನಿಮ್ಮ ಬಾಗಿಲು ಎಂದೂ ತೆರೆದಿರುವುದಿಲ್ಲ ಎಂದೋ ಹೇಳಿ ಹೋದರೆ, ಆ ಮಾತಿಗೆ ಸಂಖ್ಯೆಯೂ ಇಲ್ಲ, ವರ್ಗವೂ ಇಲ್ಲ. ಕೇಳಿಸಿಕೊಂಡವರ ಕಿವಿಯಲ್ಲಿ ಅದು ಎಷ್ಟು ಹೊತ್ತು ಉಳಿಯುವುದೋ ಅಷ್ಟೇ ಅದರ ಆಯುಷ್ಯ.

ಓದುಗರ ಪ್ರಶ್ನೆ, ದೂರು, ತಿದ್ದುಪಡಿಗಳೂ ಗ್ರಂಥಾಲಯದ ಸಂಗ್ರಹದ ಒಂದು ಅಂಗವೆಂದೂ, ಪುಸ್ತಕಕ್ಕೆ ಸಲ್ಲುವ ವ್ಯವಸ್ಥೆಯ ಹತ್ತರಲ್ಲೊಂದು ಪಾಲಾದರೂ ಅವಕ್ಕೆ ಸಲ್ಲಬೇಕೆಂದೂ ಹೇಳುವುದೇ ಈ ಬರಹದ ಉದ್ದೇಶ. ಹಿಂದೆ ಈ ಮಾತುಗಳು ಮೇಜಿನ ಮೇಲಿನ ಸಲಹಾ ಪುಸ್ತಕದ ಮೂಲಕವೋ ಅಂಚೆಯ ಮೂಲಕವೋ ಬರುತ್ತಿದ್ದವು. ಈಗ ಜಾಲತಾಣದ ಅರ್ಜಿಯ ಮೂಲಕ, ಇ-ಮೇಲಿನ ಮೂಲಕ, ವಾಟ್ಸ್ಯಾಪಿನ ಮೂಲಕ ಬರುತ್ತವೆ. ಬರುವ ದಾರಿ ಸುಗಮವಾದದ್ದರಿಂದ ಅವುಗಳ ಸಂಖ್ಯೆ ಹೆಚ್ಚಿತೆಂಬುದು ನಿಜವೇ. ಬಂದ ಮಾತನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಜಾಲತಾಣಗಳಿಗಿಂತ ನೂರೈವತ್ತು ವರ್ಷಗಳಷ್ಟಾದರೂ ಹಳೆಯದು.

ಈ ಪ್ರಶ್ನೆಯ ಚರಿತ್ರೆಯಲ್ಲಿ ಬಹು ಪ್ರಸಿದ್ಧವಾದ ಜಗಳ ನಡೆದದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಭಂಡಾರದಲ್ಲಿ. 1837ರಲ್ಲಿ ಮುದ್ರಿತ ಗ್ರಂಥಗಳ ವಿಭಾಗದ ಅಧಿಪತಿಯಾಗಿ ಬಂದ ಆಂಟೋನಿಯೊ ಪನಿಜಿಯು ಇಟಲಿಯವನು. ಮೊಡೆನಾ ರಾಜ್ಯದ ದೊರೆಯ ವಿರುದ್ಧ ಗುಪ್ತಸಂಘದಲ್ಲಿ ಸೇರಿ, ಅಲ್ಲಿಂದ ತಪ್ಪಿಸಿಕೊಂಡು ಬಂದು, ತನ್ನ ಗೈರುಹಾಜರಿಯಲ್ಲೇ ಮರಣದಂಡನೆಗೆ ಗುರಿಯಾಗಿದ್ದ ದೇಶಭ್ರಷ್ಟ. ಅದೇ ವರ್ಷ ಫ್ರೆಂಚ್ ಕ್ರಾಂತಿಯ ತನ್ನ ಚರಿತ್ರೆಯನ್ನು ಪ್ರಕಟಿಸಿದ ಥಾಮಸ್ ಕಾರ್ಲೈಲನಿಗೆ ಆ ಭಂಡಾರದ ಮೇಲೆ ತೀರದ ಕೋಪವಿದ್ದಿತು. ಕ್ರಾಂತಿಯ ಕಾಲದ ಕರಪತ್ರಗಳ ದೊಡ್ಡ ರಾಶಿಯೇ ಅಲ್ಲಿ ಇದೆಯೆಂಬುದು ಅವನಿಗೆ ತಿಳಿದಿತ್ತು; ಆದರೆ ಅವಕ್ಕೆ ಸರಿಯಾದ ಸೂಚಿಯಿಲ್ಲದ್ದರಿಂದ, ಇದ್ದೂ ಇಲ್ಲದಂತಾಗಿದ್ದವು. ತನ್ನ ಅಸಮಾಧಾನವನ್ನು ಅವನು ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿ, ಅಲ್ಲಿನ ಅಧಿಕಾರಿಯೊಬ್ಬನನ್ನು ಹೆಸರಿಸದೆ ಕುಟುಕಿದನು. ಆ ಅಧಿಕಾರಿ ಯಾರೆಂಬುದು ಪನಿಜಿಗೆ ಗೊತ್ತಾಗದಿರಲಿಲ್ಲ. ಆಮೇಲೆ ಕಾರ್ಲೈಲನು ಏಕಾಂತದಲ್ಲಿ ಕುಳಿತು ಕೆಲಸ ಮಾಡಲು ಪ್ರತ್ಯೇಕ ಕೊಠಡಿಯನ್ನು ಬೇಡಿದಾಗ ಪನಿಜಿಯು ಕೊಡಲಿಲ್ಲ.

ಯಾರ ಪಕ್ಷದಲ್ಲಿ ನ್ಯಾಯವಿತ್ತೆಂದು ಇಂದು ಹೇಳುವುದು ಕಷ್ಟ. ಪ್ರಸಿದ್ಧ ಲೇಖಕನೆಂಬ ಕಾರಣಕ್ಕೆ ಒಬ್ಬನಿಗೆ ಪ್ರತ್ಯೇಕ ಕೊಠಡಿಯನ್ನು ಕೊಟ್ಟರೆ ಬಡ ವಿದ್ಯಾರ್ಥಿಗೆ ಏನನ್ನು ಹೇಳುವುದು? ಶ್ರೀಮಂತನಿಗೆ ಸಿಗುವ ಜ್ಞಾನಸಾಧನಗಳು ಬಡ ವಿದ್ಯಾರ್ಥಿಗೂ ಅಷ್ಟೇ ಸಮೃದ್ಧವಾಗಿ ದೊರೆಯಬೇಕೆಂದು 1836ರಲ್ಲೇ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಾದಿಸಿದವನು ಈ ಪನಿಜಿಯೇ. ಅವನ ನಿರಾಕರಣೆಯ ಹಿಂದೆ ವೈಯಕ್ತಿಕ ನೋವು ಇದ್ದಿರಬಹುದು, ಆದರೂ ಅದರೊಳಗೆ ಒಂದು ತತ್ತ್ವವಿತ್ತು. ಆದರೆ ಕರಪತ್ರಗಳಿಗೆ ಸೂಚಿಯಿಲ್ಲವೆಂಬ ದೂರು ಬೇರೆ, ತನಗೊಂದು ಕೊಠಡಿ ಬೇಕೆಂಬ ಬೇಡಿಕೆ ಬೇರೆ. ಮೊದಲನೆಯದು ಎಲ್ಲ ಓದುಗರ ಪರವಾದ ಮಾತು, ಎರಡನೆಯದು ಒಬ್ಬನ ಅನುಕೂಲದ ಮಾತು. ಇವೆರಡೂ ಒಬ್ಬನೇ ಮನುಷ್ಯನ ಬಾಯಿಂದ, ಅದೂ ಸಿಟ್ಟಿನ ಬಾಯಿಂದ ಬಂದಾಗ, ಕೇಳುವವನು ಎರಡನ್ನೂ ಒಂದೇ ಗಂಟು ಕಟ್ಟಿ ಮೂಲೆಗೆ ಎಸೆಯುವ ಅಪಾಯವಿದೆ. ದೂರುಗಳನ್ನು ಓದುವ ಕೆಲಸದಲ್ಲಿರುವವರು ಮೊತ್ತಮೊದಲು ಕಲಿಯಬೇಕಾದ ವಿದ್ಯೆಯೆಂದರೆ ಧ್ವನಿಯನ್ನು ಬಿಟ್ಟು ವಿಷಯವನ್ನು ಹಿಡಿಯುವುದು.

ಕಾರ್ಲೈಲನು ಸುಮ್ಮನೆ ಕೂರಲಿಲ್ಲ. ಪುಸ್ತಕಗಳನ್ನು ಮನೆಗೆ ಕೊಂಡೊಯ್ದು ಓದಲು ಅವಕಾಶವಿರುವ ಗ್ರಂಥಾಲಯವೊಂದು ಲಂಡನ್ನಿಗೆ ಬೇಕೆಂದು ಸ್ನೇಹಿತರನ್ನು ಕೂಡಿಸಿ, ಸಭೆ ನಡೆಸಿ, ಚಂದಾದಾರರನ್ನು ಸೇರಿಸಿ, 1841ರಲ್ಲಿ ಲಂಡನ್ ಲೈಬ್ರರಿಯನ್ನು ತೆರೆಯಿಸಿದನು. ಸೇಂಟ್ ಜೇಮ್ಸ್ ಸ್ಕ್ವೇರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ದೂರಿಗೆ ಉತ್ತರ ಸಿಗದ ಓದುಗರೆಲ್ಲರೂ ಹೊಸ ಗ್ರಂಥಾಲಯವನ್ನು ಕಟ್ಟುವಷ್ಟು ಛಲವಂತರಲ್ಲ. ಬಹುಪಾಲು ಜನ ಬರುವುದನ್ನು ಬಿಡುತ್ತಾರೆ, ಅಷ್ಟೆ.

ಓದುಗನ ಮಾತೆಲ್ಲವೂ ವೇದವಾಕ್ಯವೆಂದು ತಿಳಿಯುವವರಿಗೆ ಇದೇ ಮ್ಯೂಸಿಯಮ್ಮಿನ ಇನ್ನೊಂದು ಪ್ರಸಂಗವನ್ನು ಹೇಳಬೇಕು. 1847ರಿಂದ 1849ರ ವರೆಗೆ ಮ್ಯೂಸಿಯಮ್ಮಿನ ಆಡಳಿತವನ್ನು ವಿಚಾರಿಸಲು ರಾಜನಿಯುಕ್ತ ಆಯೋಗವೊಂದು ಕುಳಿತಿತ್ತು. ಪನಿಜಿಯು ತನ್ನ ಸಹಾಯಕರೊಡನೆ ರಚಿಸಿ 1841ರಲ್ಲಿ ಅಚ್ಚು ಹಾಕಿಸಿದ್ದ 91 ಸೂತ್ರಗಳ ಪ್ರಕಾರ ಸೂಚಿಯನ್ನು ಮಾಡುತ್ತ ಹೋದರೆ ಅದು ಎಂದಿಗೂ ಮುಗಿಯದೆಂದೂ, ಇಷ್ಟೊಂದು ಸೂಕ್ಷ್ಮ ಯಾತಕ್ಕೆಂದೂ, ಚಿಕ್ಕ ಚೊಕ್ಕ ನಮೂದುಗಳೇ ಸಾಕೆಂದೂ ಹಲವು ಓದುಗರು ಆಕ್ಷೇಪಿಸಿದ್ದರು. ಆಯೋಗದ ಕಾರ್ಯದರ್ಶಿಯಾಗಿದ್ದ ಜಾನ್ ಪೇನ್ ಕಾಲಿಯರ್ ಎಂಬ ವಿದ್ವಾಂಸನು ಈ ಕೆಲಸ ಎಷ್ಟು ಸುಲಭವೆಂದು ತೋರಿಸುವುದಕ್ಕಾಗಿ ತನ್ನ ಮನೆಯ ಪುಸ್ತಕಗಳಲ್ಲಿ 25ಕ್ಕೆ ಸ್ವತಃ ನಮೂದುಗಳನ್ನು ಬರೆದುಕೊಟ್ಟನು. ಪನಿಜಿಯು ಅವನ್ನು ತನ್ನ ಸಹಾಯಕ ವಿಂಟರ್ ಜೋನ್ಸನಿಗೆ ಕೊಟ್ಟು ಪರೀಕ್ಷೆ ಮಾಡಿಸಿದನು. ಲೇಖಕನ ಹೆಸರು, ಗ್ರಂಥದ ಶೀರ್ಷಿಕೆ, ಆವೃತ್ತಿ ಮುಂತಾದುವುಗಳಲ್ಲಿ ಸೂಚಿಕಾರನು ಮಾಡಬಹುದಾದ ತಪ್ಪುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಆ ಇಪ್ಪತ್ತೈದರಲ್ಲೇ ದೊರೆತವು! (ಇದೇ ಕಾಲಿಯರನು ಮುಂದೆ, ಶೇಕ್ಸ್‌ಪಿಯರನ ಕೃತಿಗಳ ಹಳೆಯ ಪ್ರತಿಯೊಂದರಲ್ಲಿ ಪುರಾತನ ಟಿಪ್ಪಣಿಗಳನ್ನು ಕಂಡೆನೆಂದು ಸಾರಿ, ಅವು ಕೃತ್ರಿಮವೆಂದು ಬಯಲಾಗಿ ಕೆಟ್ಟ ಹೆಸರು ಪಡೆದನೆಂಬುದು ಬೇರೆ ಕಥೆ.) ಪನಿಜಿಯ ಪ್ರತ್ಯುತ್ತರದಲ್ಲಿ ನನಗೆ ಮೆಚ್ಚುಗೆಯಾಗುವ ಅಂಶವೆಂದರೆ ಅವನು ಆಕ್ಷೇಪವನ್ನು ಆಕ್ಷೇಪವೆಂದು ತಳ್ಳಿಹಾಕಲಿಲ್ಲ, ಅದನ್ನು ಎತ್ತಿಕೊಂಡು, ಒಂದೊಂದು ನಮೂದನ್ನೂ ಬಿಡಿಸಿ, ಎಲ್ಲರೂ ನೋಡುವಂತೆ ಕಾಗದದ ಮೇಲೆ ಇಟ್ಟನು. ಒಪ್ಪಲಾಗದ ಸಲಹೆಗೂ ಕಾರಣಸಹಿತವಾದ ಉತ್ತರ ಸಲ್ಲಬೇಕು.

ಅದೇ ಪನಿಜಿ, ಓದುಗರು ದೂರಿದ ಇಕ್ಕಟ್ಟಿಗೂ ಕೆಟ್ಟ ಗಾಳಿಗೂ ಕುರುಡನಾಗಿರಲಿಲ್ಲ. ಹಳೆಯ ವಾಚನಕೊಠಡಿಯಲ್ಲಿ ಕುಳಿತವರಿಗೆ ಬರುತ್ತಿದ್ದ ತಲೆನೋವಿಗೆ 'ಮ್ಯೂಸಿಯಂ ತಲೆನೋವು' ಎಂಬ ಹೆಸರೇ ಬಿದ್ದಿತ್ತು. 1852ರಲ್ಲಿ ಅವನು ಕೈಯಾರೆ ಗೀಚಿದ ನಕ್ಷೆಯಿಂದ ಹುಟ್ಟಿ 1857ರಲ್ಲಿ ತೆರೆದ ವೃತ್ತಾಕಾರದ ವಾಚನಶಾಲೆಯಲ್ಲಿ ಸೂಚಿಯ ಸಂಪುಟಗಳು ನಡುವೆ, ಅವುಗಳ ಮಧ್ಯದಲ್ಲಿ ಎತ್ತರದ ಪೀಠದ ಮೇಲೆ ಮೇಲ್ವಿಚಾರಕ, ಸುತ್ತಲೂ ಚಕ್ರದ ಅರೆಕಾಲುಗಳಂತೆ ಹರಡಿದ ಓದುಗರ ಮೇಜುಗಳು. ಏನನ್ನಾದರೂ ಕೇಳಬೇಕಾದವನು ಯಾವ ಕಡೆಯಿಂದ ಎದ್ದರೂ ಉತ್ತರ ಹೇಳುವವನು ಕಣ್ಣಿಗೆ ಬೀಳುವಂತೆ ಅದನ್ನು ಕಟ್ಟಿದ್ದರು.

ಕಣ್ಣಿಗೆ ಬಿದ್ದರೆ ಸಾಲದು, ಅವನ ಬಳಿಗೆ ಹೋಗಿ ಬಾಯಿ ಬಿಡುವ ಧೈರ್ಯವೂ ಓದುಗನಿಗೆ ಇರಬೇಕು. ಈ ಸಂಕೋಚವನ್ನು ಗುರುತಿಸಿ ಬರೆದ ಮೊದಲಿಗರಲ್ಲೊಬ್ಬನು ಅಮೆರಿಕದ ವುಸ್ಟರ್ ಪಟ್ಟಣದ ಗ್ರಂಥಪಾಲಕನಾದ ಸ್ಯಾಮ್ಯುಯೆಲ್ ಸ್ವೆಟ್ ಗ್ರೀನ್. 1876ರಲ್ಲಿ ಫಿಲಡೆಲ್ಫಿಯದಲ್ಲಿ ಆ ದೇಶದ ಗ್ರಂಥಪಾಲಕರು ಸಭೆ ಸೇರಿ ತಮ್ಮ ಸಂಘವನ್ನು ಸ್ಥಾಪಿಸಿದಾಗ ಅವನು ಓದಿದ ಪ್ರಬಂಧವು ಗ್ರಂಥಪಾಲಕ ಮತ್ತು ಓದುಗರ ನಡುವಣ ವೈಯಕ್ತಿಕ ಸಂಬಂಧವನ್ನು ಕುರಿತದ್ದು. ವುಸ್ಟರ್ ಕಾರ್ಖಾನೆಗಳ ಊರು. ಅಲ್ಲಿನ ಕುಶಲಕರ್ಮಿಗಳಿಗೆ ಬೇಕಾದ ಮಾಹಿತಿ ಪುಸ್ತಕಗಳಲ್ಲಿ ಇದ್ದರೂ ಸೂಚಿಯನ್ನು ಹೇಗೆ ನೋಡಬೇಕೆಂಬುದು ಅವರಿಗೆ ತಿಳಿಯದು. ಕೇಳಿದರೆ ತಮ್ಮ ಅಜ್ಞಾನ ಹೊರಬಿದ್ದೀತೆಂಬ ಭಯ ಬೇರೆ. ಆದುದರಿಂದ ಗ್ರಂಥಪಾಲಕನೇ ಮುಂದಾಗಿ, ಹಸನ್ಮುಖಿಯಾಗಿ, ಎಂಥ ಚಿಲ್ಲರೆ ಪ್ರಶ್ನೆಯನ್ನೂ ಉಪೇಕ್ಷಿಸದೆ ಅವರೊಡನೆ ಬೆರೆಯಬೇಕೆಂದು ಅವನು ಪ್ರತಿಪಾದಿಸಿದನು. ಇಂದು ನಾವು ಪರಾಮರ್ಶನ ಸೇವೆಯೆಂದು ಕರೆಯುವುದರ ಬೀಜ ಅಲ್ಲಿದೆ.

ನಮ್ಮ ದೇಶದಲ್ಲಿ ಈ ಸೇವೆಗೆ ಶಾಸ್ತ್ರದ ಪ್ರತಿಷ್ಠೆಯನ್ನು ತಂದುಕೊಟ್ಟ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಪ್ರಥಮ ಗ್ರಂಥಪಾಲಕರಾಗಿ ನೇಮಕವಾದಾಗ, ವಿದ್ಯಾರ್ಥಿಗಳ ಕಲರವಕ್ಕೆ ಒಗ್ಗಿದ್ದ ಅವರಿಗೆ ಓದುಗರಿಲ್ಲದ ಆ ನಿಶ್ಶಬ್ದ ಕೊಠಡಿ ಸೆರೆಮನೆಯಂತೆ ತೋರಿ, ಕೆಲವೇ ದಿನಗಳಲ್ಲಿ ಕಾಲೇಜಿಗೆ ಹಿಂದಿರುಗಲು ಪ್ರಯತ್ನಿಸಿದರಂತೆ. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿಬಂದ ಬಳಿಕ ಅವರ ಮನಸ್ಸು ತಿರುಗಿತು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂಬುದು. ಐದನೆಯದು ಗ್ರಂಥಾಲಯವು ಬೆಳೆಯುತ್ತಿರುವ ಜೀವಿಯೆಂಬುದು. ಮುಂದೆ ಬೆಂಗಳೂರಿನಲ್ಲಿ ನೆಲಸಿ, 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ದೇಹವನ್ನು ಬಿಟ್ಟ ಈ ಮಹನೀಯರ ಸೂತ್ರಗಳು ನಮ್ಮ ಅನೇಕ ಗ್ರಂಥಾಲಯಗಳ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗಾಡುವುದನ್ನು ಕಾಣಬಹುದು. ಓದುಗನು ಕೇಳಿದ ಪ್ರಶ್ನೆಗೆ ಮೂರು ತಿಂಗಳ ಮೇಲೆ ಉತ್ತರ ಬರುವ ಕಡೆ ನಾಲ್ಕನೆಯ ಸೂತ್ರವನ್ನು ಗೋಡೆಯಿಂದ ಇಳಿಸುವುದೇ ಪ್ರಾಮಾಣಿಕತೆ.

ಬಂದ ಪ್ರಶ್ನೆಗಳೆಲ್ಲ ಗಂಭೀರವಾಗಿಯೇ ಇರಬೇಕೆಂದೇನೂ ಇಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ 1940ರ ದಶಕದಿಂದ ಮುಂದೆ ಓದುಗರು ಖುದ್ದಾಗಿಯೂ ಟೆಲಿಫೋನಿನಲ್ಲಿಯೂ ಕೇಳಿದ ಚಿತ್ರವಿಚಿತ್ರ ಪ್ರಶ್ನೆಗಳನ್ನು ಸಿಬ್ಬಂದಿಯವರು ಕಾರ್ಡುಗಳ ಮೇಲೆ ಬರೆದು ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ಪೆಟ್ಟಿಗೆ ಇತ್ತೀಚೆಗೆ ಸಿಕ್ಕಿ, ಕಾರ್ಡುಗಳು ಲೋಕಪ್ರಸಿದ್ಧವಾದವು. ಕಣ್ಣರೆಪ್ಪೆಯ ಕೂದಲಿನ ಆಯುಷ್ಯವೆಷ್ಟು ಎಂದು ಒಬ್ಬರು. ಅಡುಗೆಮನೆಯಲ್ಲಿ ಇಲಿ ಕಾಣಿಸಿತು, ಡಿಡಿಟಿ ಹಾಕಬಹುದೇ ಎಂದು ಇನ್ನೊಬ್ಬರು. ನಗು ಬರುವುದು ಸಹಜವೇ. ಆದರೂ ಇಲಿಯನ್ನು ಕಂಡು ಗಾಬರಿಯಾದ ಗೃಹಿಣಿಗೆ ಗ್ರಂಥಾಲಯದ ನೆನಪಾಯಿತೆಂಬುದೇ ಆ ಗ್ರಂಥಾಲಯಕ್ಕೆ ದೊರೆತ ಪ್ರಶಸ್ತಿಪತ್ರವಲ್ಲವೆ?

ಪ್ರಶ್ನೆಯ ಹಿಂದಿನ ಪ್ರಶ್ನೆಯನ್ನು ಹುಡುಕುವ ಕಲೆಯೊಂದಿದೆ. ರಾಬರ್ಟ್ ಟೇಲರ್ ಎಂಬ ಅಮೆರಿಕದ ವಿದ್ವಾಂಸನು 1968ರಲ್ಲಿ ಇದನ್ನು ವಿವರಿಸುತ್ತ, ಮನಸ್ಸಿನಲ್ಲಿ ರೂಪವಿಲ್ಲದೆ ಚುಚ್ಚುವ ಕೊರತೆಯು ಕ್ರಮಕ್ರಮವಾಗಿ ಮಾತಿನ ರೂಪ ತಳೆದು, ಕೊನೆಗೆ ಗ್ರಂಥಾಲಯದಲ್ಲಿ ಏನು ಸಿಕ್ಕೀತೆಂಬ ಊಹೆಗೆ ತಕ್ಕಂತೆ ರಾಜಿ ಮಾಡಿಕೊಂಡು ಹೊರಬರುತ್ತದೆ ಎಂದಿದ್ದಾನೆ. 'ಕಾನೂನಿನ ಪುಸ್ತಕ ಎಲ್ಲಿದೆ ಸಾರ್?' ಎಂದು ಕೇಳಿದ ಹಳ್ಳಿಯ ಯಜಮಾನನಿಗೆ ಕಾನೂನಿನ ಕಪಾಟನ್ನು ತೋರಿಸಿ ಸುಮ್ಮನಾದರೆ ಕೆಲಸ ಮುಗಿಯಿತೆಂದು ತೋರಬಹುದು. 'ಯಾವ ವಿಷಯ ನೋಡ್ಬೇಕಿತ್ತು ಯಜಮಾನ್ರೇ?' ಎಂದು ಇನ್ನೊಂದು ಮಾತು ಆಡಿದರೆ ಅವನಿಗೆ ಬೇಕಾದದ್ದು ಅಣ್ಣತಮ್ಮಂದಿರ ಜಮೀನಿನ ಪಾಲುಪಟ್ಟಿಯ ನೋಂದಣಿ ಹೇಗೆಂಬುದು ಎಂದು ಹೊರಬೀಳುತ್ತದೆ. ಎದುರಿಗೆ ನಿಂತವನಲ್ಲಿ ಕೇಳಬಹುದಾದ ಈ ಎರಡನೆಯ ಮಾತಿಗೆ ಇ-ಮೇಲಿನಲ್ಲಿ ಎಡೆಯಿರುವುದಿಲ್ಲ. ಆದುದರಿಂದ ಪ್ರಶ್ನೆ ಕಳಿಸುವ ಅರ್ಜಿಯಲ್ಲಿ 'ಈ ಮಾಹಿತಿ ಯಾವ ಕೆಲಸಕ್ಕೆ ಬೇಕು, ಈಗಾಗಲೇ ಎಲ್ಲೆಲ್ಲಿ ನೋಡಿದ್ದೀರಿ' ಎಂಬ ಎರಡು ಅಂಕಣಗಳನ್ನು ಇಡುವವರು ಜಾಣರು. ಅವು ಕಡ್ಡಾಯವಾಗಿರಬಾರದು. ಯಾವ ಕೆಲಸಕ್ಕೆಂದು ಹೇಳಲು ಇಷ್ಟವಿಲ್ಲದವನಿಗೂ ಉತ್ತರ ಪಡೆಯುವ ಹಕ್ಕಿದೆ.

ಈಗ ನಮ್ಮ ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಿಗೆ ಬರೋಣ. ದಿನಪತ್ರಿಕೆಗಳ ಮೇಜಿನ ತುದಿಯಲ್ಲಿ ಉದ್ದನೆಯ ನೋಟ್‌ಬುಕ್ಕು, ಅದರ ಬೆನ್ನಿಗೆ ಟ್ವೈನ್ ದಾರದಿಂದ ಕಟ್ಟಿದ ಬಾಲ್‌ಪೆನ್ನು. ಪೆನ್ನಿನ ರೀಫಿಲ್ಲು ಮುಗಿದು ಎಷ್ಟೋ ಕಾಲವಾಗಿರುತ್ತದೆ. ಅಂಥದೊಂದು ಪುಸ್ತಕವನ್ನು ನಾನು ಬಿಡುವಾಗಿ ಓದಿದ್ದುಂಟು. ಒಂದು ಪುಟದಲ್ಲಿ ಫ್ಯಾನು ಸದ್ದು ಮಾಡುತ್ತದೆಂಬ ದೂರು. ಮುಂದಿನದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಹೊಸ ಆವೃತ್ತಿ ತರಿಸಬೇಕೆಂಬ ಬೇಡಿಕೆ, ಅದರ ಕೆಳಗೆ ಬೇರೆ ಬೇರೆ ಶಾಯಿಗಳಲ್ಲಿ ಆರೇಳು ಜನರ ಸಹಿ. ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿಲ್ಲವೆಂದು ದುಂಡಗಿನ ಅಕ್ಷರದಲ್ಲಿ ಬರೆದ ಒಂದೇ ಸಾಲು, ಅದಕ್ಕೆ ಸಹಿಯಿಲ್ಲ. ಪತ್ರಿಕೆಯ ಉದ್ಯೋಗಾವಕಾಶದ ಪುಟವನ್ನು ಯಾರೋ ದಿನವೂ ಹರಿದುಕೊಂಡು ಹೋಗುತ್ತಾರೆಂದು ರೋಷದ ಟಿಪ್ಪಣಿ. ಎಲ್ಲದರ ಅಡಿಯಲ್ಲೂ ಕೆಂಪು ಶಾಯಿಯಲ್ಲಿ 'ಗಮನಿಸಲಾಗಿದೆ' ಎಂಬ ಒಂದೇ ಷರಾ. ಫ್ಯಾನಿಗೂ ಅದೇ, ಶೌಚಾಲಯಕ್ಕೂ ಅದೇ.

ಷರಾ ಬರೆದ ಅಧಿಕಾರಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಫ್ಯಾನನ್ನು ಅವರೇ ರಿಪೇರಿ ಮಾಡಿಸಬಹುದು. ಪುಸ್ತಕ ಖರೀದಿಗೆ ಮೇಲಿನ ಕಚೇರಿಯ ಅನುಮೋದನೆ ಬೇಕು. ಶೌಚಾಲಯ ಕಟ್ಟಿಸಲು ಸ್ಥಳೀಯ ಸಂಸ್ಥೆಯ ಅನುದಾನ ಬೇಕು. ಪುಟ ಹರಿಯುವವನನ್ನು ಹಿಡಿಯಲು ಇನ್ನೊಂದು ಜೊತೆ ಕಣ್ಣು ಬೇಕು. ನಾಲ್ಕು ದೂರುಗಳು ಹೋಗಬೇಕಾದ ಬಾಗಿಲುಗಳು ನಾಲ್ಕು. ಒಂದೇ ನೋಟ್‌ಬುಕ್ಕಿನಲ್ಲಿ ಕೂಡಿಕೊಂಡಾಗ ಅವು ಯಾವ ಬಾಗಿಲಿಗೂ ಹೋಗುವುದಿಲ್ಲ. ಪುಸ್ತಕಗಳನ್ನು ವಿಷಯಾನುಸಾರವಾಗಿ ಬೇರ್ಪಡಿಸುವುದರಲ್ಲಿ ಪಳಗಿದ ಕೈಗಳೇ ಓದುಗರ ಮಾತುಗಳನ್ನು ಹೀಗೆ ಒಟ್ಟುರಾಶಿ ಹಾಕುವುದು ವಿಪರ್ಯಾಸ.

ಬೇರ್ಪಡಿಸಿ, ಪರಿಶೀಲಿಸಿ, ಸೂಚಿಯೊಳಕ್ಕೆ ಸೇರಿಸಿಕೊಂಡರೆ ಓದುಗರ ಮಾತು ಎಂಥ ಸಂಪತ್ತಾಗುವುದೆಂಬುದಕ್ಕೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸಿದ ಒಂದು ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆ ಗ್ರಂಥಾಲಯವು 1948ರಲ್ಲಿ ಜಾರ್ಜ್ ಗ್ರಂಥಮ್ ಬೇಯ್ನ್ ಎಂಬವನ ಸುದ್ದಿಚಿತ್ರ ಸಂಸ್ಥೆಯ ಗಾಜಿನ ನೆಗಟಿವ್‌ಗಳನ್ನು ಕೊಂಡಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ನ್ಯೂಯಾರ್ಕಿನ ಬೀದಿಗಳು, ಕ್ರೀಡಾಪಟುಗಳು, ಹಡಗುಗಳು, ರಾಜಕಾರಣಿಗಳು, ಮುಷ್ಕರಗಳು, ಎಲ್ಲವೂ ಅವುಗಳಲ್ಲಿವೆ. ಚಿತ್ರದಲ್ಲಿರುವುದು ಯಾರು, ಎಲ್ಲಿ, ಯಾವಾಗ ಎಂಬುದಕ್ಕೆ ಆಧಾರವೆಂದರೆ ಗಾಜಿನ ಮೇಲೆಯೇ ಅವಸರದಲ್ಲಿ ಗೀಚಿದ ಒಂದೆರಡು ಮಾತುಗಳು. ಅನೇಕ ಕಡೆ ಬರಿಯ ಮನೆತನದ ಹೆಸರು, ಅದೂ ಕೆಲವೊಮ್ಮೆ ತಪ್ಪು ಕಾಗುಣಿತದಲ್ಲಿ. ಇಂಥ ಸಾವಿರಾರು ಚಿತ್ರಗಳ ಪೂರ್ವಾಪರವನ್ನು ಶೋಧಿಸುವುದು ಎಷ್ಟು ಸಿಬ್ಬಂದಿಯಿದ್ದರೂ ಆಗದ ಕೆಲಸ.

2008ರ ಜನವರಿಯಲ್ಲಿ ಗ್ರಂಥಾಲಯವು ಈ ಸಂಗ್ರಹದಿಂದಲೂ, 1930 ಮತ್ತು 40ರ ದಶಕಗಳ ವರ್ಣಚಿತ್ರಗಳ ಇನ್ನೊಂದು ಸಂಗ್ರಹದಿಂದಲೂ ಸುಮಾರು ಮೂರು ಸಾವಿರ ಛಾಯಾಚಿತ್ರಗಳನ್ನು ಆರಿಸಿ, ಜನರು ತಮ್ಮ ತಮ್ಮ ಚಿತ್ರಗಳನ್ನು ಹಂಚಿಕೊಳ್ಳುತ್ತಿದ್ದ ಫ್ಲಿಕರ್ ಎಂಬ ತಾಣದಲ್ಲಿ ಇರಿಸಿ, ಇವನ್ನು ಬಲ್ಲವರು ತಿಳಿದದ್ದನ್ನು ಬರೆಯಿರಿ ಎಂದು ಕರೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನ ವೇಳೆಗೆ ಏಳು ಸಾವಿರಕ್ಕೂ ಮಿಕ್ಕಿದ ಟಿಪ್ಪಣಿಗಳೂ, ವಿಷಯವನ್ನು ಸೂಚಿಸುವ 67 ಸಾವಿರಕ್ಕೂ ಹೆಚ್ಚು ಗುರುತುಪದಗಳೂ ಬಂದು ಸೇರಿದ್ದವು. ಟಿಪ್ಪಣಿಗಳಲ್ಲಿ ಅನೇಕವು 'ಸೊಗಸಾಗಿದೆ' ಎಂಬ ಜಾತಿಯವು. ಅವುಗಳಿಂದ ಸೂಚಿಗೆ ಲಾಭವಿಲ್ಲ, ನಷ್ಟವೂ ಇಲ್ಲ. ಆದರೆ ನಡುನಡುವೆ ಒಬ್ಬನು ಹಳೆಯ ಪತ್ರಿಕೆಯ ವರದಿಯನ್ನು ತಂದು ಚಿತ್ರದ ದಿನಾಂಕವನ್ನು ತಿದ್ದುವನು. ಒಬ್ಬಳು ಇಂದಿನ ಅದೇ ಬೀದಿಯ ಚಿತ್ರವನ್ನು ಪಕ್ಕದಲ್ಲಿ ಇಟ್ಟು ಕಟ್ಟಡವನ್ನು ಗುರುತಿಸುವಳು. ಒಬ್ಬನು ಹೇಳಿದ್ದಕ್ಕೆ ಇನ್ನೊಬ್ಬನು ಆಧಾರ ಕೇಳುವನು.

ಸಿಬ್ಬಂದಿಯವರು ಇವನ್ನು ನಿತ್ಯವೂ ನೋಡುತ್ತ, ಆಧಾರವಿರುವ ತಿದ್ದುಪಡಿಯನ್ನು ಆರಿಸಿ, ತಾವೂ ಪರೀಕ್ಷಿಸಿ, ತಮ್ಮ ಅಧಿಕೃತ ಸೂಚಿಯೊಳಕ್ಕೆ ಬರೆದುಕೊಂಡರು. ಮೊದಲ ಹತ್ತು ತಿಂಗಳೊಳಗೆ ಹೀಗೆ ಪರಿಷ್ಕಾರಗೊಂಡ ನಮೂದುಗಳು 500ಕ್ಕೂ ಹೆಚ್ಚು. ಅಂಥ ನಮೂದುಗಳ ಟಿಪ್ಪಣಿಯಲ್ಲಿ, ಈ ಮಾಹಿತಿಯ ಆಕರ ಫ್ಲಿಕರ್ ಕಾಮನ್ಸ್ ಯೋಜನೆ, 2008 ಎಂದು ಸ್ಪಷ್ಟವಾಗಿ ಬರೆದಿದೆ. ಈ ಒಂದು ಸಾಲನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಗ್ರಂಥಪಾಲಕರ ಶೋಧನೆ ಯಾವುದು, ಹೊರಗಿನ ಓದುಗರ ಕಾಣಿಕೆ ಯಾವುದು ಎಂಬುದು ಮುಂದೆ ನೋಡುವವನಿಗೆ ತಿಳಿಯಬೇಕು. ತಪ್ಪಾಗಿದ್ದರೆ ಎಲ್ಲಿಂದ ತಪ್ಪು ಬಂದಿತೆಂದು ಹಿಂದಕ್ಕೆ ಹೋಗಿ ನೋಡಲು ಆಗಬೇಕು. ಸರಿಯಾಗಿದ್ದರೆ ಕೊಟ್ಟವರ ಋಣ ಕಾಗದದಲ್ಲಿ ಉಳಿಯಬೇಕು.

ಎಲ್ಲರಿಗೂ ಬಾಗಿಲು ತೆರೆದರೆ ಅಶ್ಲೀಲವೂ ನಿಂದೆಯೂ ನುಗ್ಗುವುದೆಂದು ಆ ಪ್ರಯೋಗಕ್ಕೆ ಮೊದಲು ಹೆದರಿದವರಿಗೆ ಲೆಕ್ಕವಿಲ್ಲ. ಆ ಹತ್ತು ತಿಂಗಳಲ್ಲಿ ಅನುಚಿತವೆಂದು ತೆಗೆದುಹಾಕಬೇಕಾಗಿ ಬಂದವು 25ಕ್ಕಿಂತಲೂ ಕಡಿಮೆ. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವು ಅದೇ 2008ರಲ್ಲಿ ತನ್ನ ಹಳೆಯ ವೃತ್ತಪತ್ರಿಕೆಗಳನ್ನು ಗಣಕದಲ್ಲಿ ಇರಿಸಿ, ಯಂತ್ರವು ತಪ್ಪಾಗಿ ಓದಿದ ಅಕ್ಷರಗಳನ್ನು ತಿದ್ದುವ ಅಧಿಕಾರವನ್ನು ಓದುಗರಿಗೇ ಕೊಟ್ಟಾಗಲೂ ಇಂಥದೇ ಭೀತಿ ಇತ್ತು, ಇಂಥದೇ ಅನುಭವವಾಯಿತು. ತಮ್ಮ ಊರಿನ, ತಮ್ಮ ವಂಶದ ಸುದ್ದಿಯನ್ನು ಹುಡುಕುತ್ತ ಬಂದವರು ನಡುರಾತ್ರಿಯ ವರೆಗೂ ಕುಳಿತು ಅಂಕಣಗಟ್ಟಲೆ ತಿದ್ದಿದರು. ಗ್ರಂಥಾಲಯದ ಪಕ್ಕದಲ್ಲಿ ಆಡುವ ಮಾತಿಗೂ ಸಂತೆಯಲ್ಲಿ ಆಡುವ ಮಾತಿಗೂ ವ್ಯತ್ಯಾಸವಿದೆಯೆಂಬುದು ಜನರಿಗೆ ತಿಳಿಯದ ಸಂಗತಿಯೇನಲ್ಲ.

ಕನ್ನಡದಲ್ಲಿ ಇಂಥ ತಿದ್ದುಪಡಿಯ ಅಗತ್ಯ ಇನ್ನೂ ಹೆಚ್ಚಿನದು. ಈ ಶತಮಾನದ ಆರಂಭದ ವರ್ಷಗಳಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಗ್ರಂಥಗಳ ಪುಟಗಳು ಗಣಕಕ್ಕೆ ಸೇರಿದವು. ಅಂಗಡಿಯಲ್ಲಿ ಸಿಗದ, ಮನೆಯ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿದ್ದ ಪುಸ್ತಕಗಳು ಎಲ್ಲಿ ಬೇಕಾದರೂ ಓದಲು ಸಿಗುವಂತಾದದ್ದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಅವುಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಹ್ರಸ್ವ ದೀರ್ಘಗಳ ಗೊಡವೆಯಿಲ್ಲದೆ ಬರೆದಿದ್ದರು. ಆ ಲಿಪಿಯ ಕೆ, ಎ, ಎಲ್, ಎ ಎಂಬ ನಾಲ್ಕು ಅಕ್ಷರಗಳನ್ನು ಕಂಡರೆ ಅದು 'ಕಲಾ'ವೋ 'ಕಾಲ'ವೋ 'ಕಳ'ವೋ ಎಂದು ಹೇಳಬಲ್ಲವರು ಯಾರು? ಒಬ್ಬನೇ ಲೇಖಕನ ಹೆಸರು ಹಲವು ರೂಪಗಳಲ್ಲಿ ಚೆದುರಿಹೋದಾಗ, ಪುಸ್ತಕ ಇದ್ದೂ ಸಿಗದೆ, ಕಾರ್ಲೈಲನ ಕರಪತ್ರಗಳ ಗತಿಯೇ ಅದಕ್ಕೂ ಬಂದಿತು.

ಈ ಕೊರತೆಯನ್ನು ನೀಗಲು ಮುಂದಾದವರು ಓದುಗರೇ. ಕನ್ನಡದ ತಂತ್ರಜ್ಞರೂ ಸಾಹಿತ್ಯಾಸಕ್ತರೂ ಸೇರಿದ 'ಸಂಚಯ' ಎಂಬ ಬಳಗವು 'ಸಮೂಹ ಸಂಚಯ'ವೆಂಬ ವ್ಯವಸ್ಥೆಯನ್ನು ಹೂಡಿ, ಈ ರೋಮನ್ ಹೆಸರುಗಳನ್ನು ಒಂದೊಂದಾಗಿ ಜನರ ಮುಂದೆ ಇರಿಸಿ, ಬಲ್ಲವರಿಂದ ಕನ್ನಡ ಲಿಪಿಗೆ ತಿರುಗಿಸಿಕೊಂಡಿತು. ಅದರ ಫಲವಾಗಿ ಆ ಪುಸ್ತಕಗಳನ್ನು ಕನ್ನಡದಲ್ಲಿಯೇ ಬೆರಳಚ್ಚು ಮಾಡಿ ಹುಡುಕುವ 'ಪುಸ್ತಕ ಸಂಚಯ' ಸಿದ್ಧವಾಯಿತು. ಮನೆಯಲ್ಲಿ ಕುಳಿತು ಬಿಡುವಿನಲ್ಲಿ ಹತ್ತು ಹೆಸರುಗಳನ್ನು ತಿದ್ದಿದ ಉಪಾಧ್ಯಾಯರಿಗಾಗಲಿ ವಿದ್ಯಾರ್ಥಿಗಾಗಲಿ ಇದರಿಂದ ಬಂದ ಸಂಭಾವನೆಯೇನೂ ಇಲ್ಲ. ಗ್ರಂಥಾಲಯವು ಕೇಳದೆಯೇ ಓದುಗರು ಇಷ್ಟನ್ನು ಮಾಡಬಲ್ಲರಾದರೆ, ಕೇಳಿದರೆ ಎಷ್ಟನ್ನು ಮಾಡಿಯಾರು!

ಓದುಗರ ಮಾತನ್ನು ಜೋಪಾನ ಮಾಡುವುದರಲ್ಲಿ ಒಂದು ಎಚ್ಚರವೂ ಬೇಕು. ಯಾರು ಏನನ್ನು ಓದಿದರು, ಏನನ್ನು ಕೇಳಿದರು ಎಂಬುದು ಅವರ ಖಾಸಗಿ ಸಂಗತಿ. ಓದುಗರೊಡನೆ ವ್ಯವಹರಿಸುವಾಗ ತಿಳಿದುಬಂದ ಗುಟ್ಟನ್ನು ಕಾಪಾಡುವುದು ಗ್ರಂಥಪಾಲಕನ ಕರ್ತವ್ಯವೆಂದು ಅಮೆರಿಕದ ಗ್ರಂಥಾಲಯ ಸಂಘವು 1939ರ ತನ್ನ ನೀತಿಸಂಹಿತೆಯಲ್ಲಿಯೇ ಹೇಳಿತ್ತು. ನಮ್ಮಲ್ಲಿಯೂ 2023ರಲ್ಲಿ ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯಿದೆಯಾಗಿದೆ. ಮಧುಮೇಹದ ಬಗೆಗೋ ವಿವಾಹವಿಚ್ಛೇದನದ ಬಗೆಗೋ ಪುಸ್ತಕ ಕೇಳಿದವಳ ಹೆಸರನ್ನೂ ಫೋನ್ ನಂಬರನ್ನೂ ಎಲ್ಲರೂ ಪುಟ ತಿರುವುವ ಸಲಹಾ ಪುಸ್ತಕದಲ್ಲಿ ಬರೆಸಿಕೊಳ್ಳುವುದು ಕಾಯಿದೆಯ ಮಾತಿರಲಿ, ಮರ್ಯಾದೆಗೂ ತಕ್ಕದ್ದಲ್ಲ. ಶೌಚಾಲಯದ ಬಗ್ಗೆ ಸಹಿಯಿಲ್ಲದೆ ಬರೆದ ಆ ಸಾಲನ್ನು ಅನಾಮಧೇಯವೆಂದು ತಿರಸ್ಕರಿಸುವ ಕಚೇರಿಯ ಪದ್ಧತಿ ಇಲ್ಲಿಗೆ ಒಗ್ಗದು. ಆ ಊರಿನಲ್ಲಿ ಆಕೆ ತನ್ನ ಹೆಸರು ಬರೆಯದಿದ್ದುದಕ್ಕೆ ಕಾರಣವೇನೆಂದು ಊಹಿಸುವುದು ಕಠಿಣವಲ್ಲ.

ಇಷ್ಟನ್ನೆಲ್ಲ ಮಾಡಲು ಜನ ಎಲ್ಲಿ, ಹಣ ಎಲ್ಲಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ವಾಷಿಂಗ್ಟನ್ನಿನ ಸಿಬ್ಬಂದಿ ನಮ್ಮಲ್ಲಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ನಮ್ಮ ರಾಜ್ಯದ ಗ್ರಂಥಾಲಯಗಳಿಗೆ ಆಸ್ತಿತೆರಿಗೆಯೊಡನೆ ವಸೂಲಾಗುವ ಕರದ ಆಧಾರ ದೊರೆಯಿತಾದರೂ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಬೀಗ ತೆಗೆಯುವವರೂ, ಕಸ ಗುಡಿಸುವವರೂ, ಪತ್ರಿಕೆ ಹರಡುವವರೂ, ಮಕ್ಕಳಿಗೆ ಕಥೆ ಓದಿಸುವವರೂ, ಕಂಪ್ಯೂಟರ್ ಚಾಲೂ ಮಾಡುವವರೂ ಒಬ್ಬರೇ ಮೇಲ್ವಿಚಾರಕರು. ಅವರಿಗೆ ಜಾಲತಾಣದ ನಿರ್ವಹಣೆ, ವಾರಾಂತ್ಯದ ವರದಿ ಮುಂತಾದ ಹೊರೆಯನ್ನು ಹೊರಿಸುವುದು ಅನ್ಯಾಯ. ಈಗಿರುವ ನೋಟ್‌ಬುಕ್ಕಿನಲ್ಲಿಯೇ ಸ್ಕೇಲು ಹಿಡಿದು ನಾಲ್ಕು ಗೆರೆ ಎಳೆದರೆ ಸಾಕು: ಮಾತು ಬಂದ ದಿನಾಂಕ, ಅದು ಯಾರ ಕೈಯಲ್ಲಿ ಆಗುವ ಕೆಲಸ, ಅವರಿಗೆ ಕಳಿಸಿದ ದಿನಾಂಕ, ಏನಾಯಿತು. ತಿಂಗಳಿಗೊಮ್ಮೆ ಕೊನೆಯ ಅಂಕಣದ ನಕಲನ್ನು, ಹೆಸರುಗಳನ್ನು ಬಿಟ್ಟು, ಸೂಚನಾಫಲಕದಲ್ಲಿ ಅಂಟಿಸಬಹುದು. ಆಗದ ಕೆಲಸದ ಎದುರಿಗೆ ಆಗಲಿಲ್ಲವೆಂದೇ, ಕಾರಣದೊಡನೆ ಬರೆಯಬೇಕು. ಒಂದೇ ಪ್ರಶ್ನೆಯನ್ನು ಹತ್ತು ಜನ ಕೇಳಿದ್ದು ಆ ಗೆರೆಗಳ ನಡುವೆ ಕಾಣಿಸಿದರೆ, ಹನ್ನೊಂದನೆಯವರಿಗಾಗಿ ಬಾಗಿಲಲ್ಲೇ ಒಂದು ಫಲಕ ಬರೆಸಬಹುದು. ಇನ್ನು ಆ ಬಾಲ್‌ಪೆನ್ನಿಗೆ ಹೊಸ ರೀಫಿಲ್ಲು ಹಾಕಿಸಲು ಯಾವ ಮೇಲಧಿಕಾರಿಯ ಮಂಜೂರಾತಿಯೂ ಬೇಕಾಗಲಾರದು.